ಸೀಲಿನ ಒಳಮುಖ

ಹೊಳೆಯುತ್ತಿದ್ದವು ಬೂಟುಗಳು, ಕಾರಿನಡಿಯಿಂದ ನೋಡಿದರೆ ಭಾವ ಎಂದರೆ ಇಷ್ಟೇ, ಪಾಲಿಶ್ ಹೊಡೆದ ಎರಡು ಬೂಟು, ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟಿನ ತುದಿ, ಇದಕ್ಕಿಂತ ಮೇಲಿರುವುದೆಲ್ಲ ಬರೀ ಬಾಯಿ — ಶೆಡ್ಡಿನ ನೆಲದ ಮೇಲೆ ಅಂಗಾತ ಮಲಗಿದ್ದ ಮೆಕ್ಯಾನಿಕ್‌ಗೆ ಒಳಗೊಳಗೇ ನಗು ಬಂತು, ಅಕ್ಕನ ಗಂಡನನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿ ಸಿಕ್ಕೀತು. ಏನಪ್ಪಾ, ಆಟೋಮ್ಯಾಟಿಕ್ ಗಾಡಿ ಬಿಚ್ಚೋಕೆ ಬರುತ್ತಾ ನಿಂಗೆ, ಇದು ಟ್ರ್ಯಾಕ್ಟರ್ ಅಲ್ಲ, ಗೊತ್ತಾಯ್ತಾ, ಎಂದವು ಬೂಟುಗಳು. ಬರುತ್ತೆ ಭಾವ. ನಾಲಿಗೆಯ ಮೇಲೆ ಭಾವ, ಗಂಟಲಲ್ಲಿ ಬೇರೆಯೇ ಮಾತು. ಗೇರಿಗೆ ಹಾಕಿದರೆ ಮುಂದೆ ಹೋಗದೆ ಸುಮ್ಮನೆ ಗುರುಗುಟ್ಟುತ್ತದೆ ಎಂದು ಎಳೆಸಿಕೊಂಡು ತಂದಿದ್ದಾನೆ, ಹೋಗುವುದಾದರೂ ಹೇಗೆ, ಗೇರ್‌ಬಾಕ್ಸಿನ ಎಣ್ಣೆ ಮುಕ್ಕಾಲು ಪಾಲು ಇವನ ಮನೆಯಂಗಳದಲ್ಲಿ ಸೋರಿಹೋಗಿದೆ, ಕೆಂಪು ಕೆಂಪಾಗಿ, ಕಲೆ ಹೋಗೋ ತನಕ ಬಿಡೋನಲ್ಲ ನಾನು ಎಂದು ಬೀಗಿದ, ಬಿಡದವನು ಇವನು, ಮೊಣಕಾಲೂರಿ ಕಲ್ಲು ತಿಕ್ಕಿದವಳು ಅಕ್ಕ — ಬೆಳಿಗ್ಗೆಯಿಂದ ಅಲ್ಲಿ ಹಳೇ ಟೈರುಗಳ ಮೇಲೆ ಕೂತಿದ್ದಾಳೆ, ತನ್ನದೇ ತಮ್ಮನ ಶೆಡ್ಡಿನಲ್ಲಿ ನೆಂಟರಂತೆ.

ಆಕ್ಸಲ್ ಎಳೆದ, ಹಿಂದೆಯೇ ಅಳಿದುಳಿದ ಎಣ್ಣೆ ಬೇಸಿನ್ನಿಗೆ ಇಳಿಯಿತು, ಟಾರ್ಚ್ ಬಿಟ್ಟು ನೋಡಿದರೆ ಎಣ್ಣೆ ಸೋರದಂತೆ ತಡೆಯುವ ಸೀಲು ಹೊಸದು, ಮಿರಿಮಿರಿ ಹೊಸದು, ಬಳೆಯಂಥ ಆ ರಬ್ಬರಿನ ಸ್ಪ್ರಿಂಗ್ ಇರುವ ಮುಖ ಒಳಗಿನ ಎಣ್ಣೆಯ ಕಡೆ ಇರಬೇಕು, ಇಲ್ಲಿ ಹೊರಗೆ, ತನ್ನನ್ನೇ ನೋಡುತ್ತಾ ಕೂತಿದೆ. ಉಲ್ಟಾ! ಯಾವ ಕತ್ತೆ ಹಾಕಿದ್ದು ಎಂದು ಕೇಳುವುದೇ ಬೇಡ, ಮದುವೆಯಾದ ಹೊಸದರಲ್ಲಿ ಅಪ್ಪನ ರೇಡಿಯೊ ಬಿಚ್ಚಿ ಜೋಡಿಸಿ, ಮಿಕ್ಕ ಸ್ಕ್ರೂಗಳನ್ನು ಅಂಗೈಯಲ್ಲಿ ಕುಲುಕುತ್ತಾ, ಕಂಪನಿಯವ್ರು ಯಾವಾಗ್ಲೂ ಜಾಸ್ತೀನೇ ಹಾಕಿರ್ತಾರೆ ಮಾವ, ಎಂದ ಮಹಾನುಭಾವ, ಅಪ್ಪ ನಕ್ಕಿದ್ದ, ಅಳಿಯನಲ್ಲವೇ, ರೇಡಿಯೊ ಮತ್ತೆಂದೂ ಹಾಡಲಿಲ್ಲ. ಭಾವ, ಇದನ್ನ ಮುಂಚೆ ಯಾರಾದ್ರೂ ಬಿಚ್ಚಿದ್ರಾ? ಯಾರು ಬಿಚ್ತಾರೆ, ನಂಗೆ ಆಫೀಸ್ ಜೀಪಿದೆ, ಇದು ಮನೇಲೇ ನಿಂತಿರುತ್ತೆ, ನಿಮ್ಮಕ್ಕಂಗೆ ಸ್ಟೇರಿಂಗ್ ಮುಟ್ಟೋಕೂ ಭಯ. ಸುಳ್ಳ. ಮಾಡೋದೂ ಮಾಡಿ ಹಲ್ಲು ಕಿರಿಯುವ ಜಾತಿ. ಆದರೆ ಸೀಲಿನ ಅಂಚಿಗೆ ಸುತ್ತಿಗೆಯ ಏಟಿಲ್ಲ, ಯಾವುದೋ ದುಂಡನೆಯ ವಸ್ತು ಇಟ್ಟು ಸುತ್ತಲೂ ಹದವಾಗಿ ತಟ್ಟಿದ್ದಾರೆ, ಆಕ್ಸಲಿನ ಪಿನ್ನನ್ನೂ ಅಚ್ಚುಕಟ್ಟಾಗಿ ಮಡಚಿದ್ದಾರೆ — ಈ ತಾಳ್ಮೆ ಈ ಬೂಟಿನದಲ್ಲ, ಯಾವನಿಗೋ ಹಲ್ಲುಗಿಂಜಿ ಮಾಡಿಸಿದ್ದಾನೆ, ಈಗ ಒಪ್ಪಿಕೊಳ್ಳಲು ಮರ್ಯಾದೆ ಅಡ್ಡ.

ಫೋನು ಬಡಿದುಕೊಂಡಿತು, ಬೂಟುಗಳು ಗೇಟಿನ ಕಡೆ ಓಡಿದವು, ಹೌದು ಸಾರ್, ಖಂಡಿತ ಸಾರ್, ಆಹಾ, ಮೇಲಿನವರು ಕರೆದರೆ ದನಿ ಎಷ್ಟು ಕುಗ್ಗುತ್ತದೆ, ಬೆನ್ನೂ ಬಗ್ಗಿರಬೇಕು — ಅಷ್ಟರಲ್ಲಿ ಚಪ್ಪಲಿ, ಅಕ್ಕನ ಸವೆದ ಚಪ್ಪಲಿ, ಕುಕ್ಕರಗಾಲಲ್ಲಿ ಕೂತ ಅಕ್ಕ, ತಲೆ ಕೆಳಗಾದ ಅವಳ ಮುಖ. ಸೀಲು ಉಲ್ಟಾ ಹಾಕಿದ್ದೀನಾ? ಏನು? ನಾನೇ ಕಣೋ, ಅವರು ಟೂರಿಗೆ ಹೋಗಿದ್ದಾಗ, ವಿಡಿಯೋ ನೋಡ್ಕೊಂಡು. ನೀನಾ, ಆ ನಟ್ಟು ಹೇಗೆ ಬಿಚ್ಚಿದೆ? ಪಾನಾಕ್ಕೆ ಪೈಪು ಸಿಕ್ಸಿ ಅದರ ಮೇಲೆ ನಿಂತು ಕುಣಿದೆ. ಸೀಲು? ಸಕ್ಕರೆ ಡಬ್ಬಿ ಮುಚ್ಚಳ ಇಟ್ಟು ಲಟ್ಟಣಿಗೇಲಿ ತಟ್ಟಿದೆ, ಅಷ್ಟು ಮಾಡಿದ್ರೂ ಸೋರೋದು ನಿಲ್ಲಲಿಲ್ಲ, ದಾರೀಲಿ ಗಾಡಿ ನಿಂತೋದ್ರೆ ಎಲ್ಲಾ ಗೊತ್ತಾಗುತ್ತೆ ಅಂತಾನೇ ಕೈ ಹಾಕಿದ್ದು. ಏನು ಗೊತ್ತಾಗೋದು? ನಾನು ಓಡಿಸೋದು. ಎಲ್ಲಿಗೆ ಹೋಗ್ತೀಯಕ್ಕಾ? ಎಲ್ಲಿಗೂ ಇಲ್ಲ, ಸುಮ್ನೆ, ಊರಾಚೆ ರಸ್ತೇಲಿ ಒಂದಷ್ಟು ದೂರ, ಕಿಟಕಿ ಇಳಿಸ್ಕೊಂಡು. ನನ್ನ ಕರೀಬೇಕಿತ್ತು. ಅವಳು ಗೇಟಿನ ಕಡೆ ನೋಡಿದಳು. ನಿನ್ನ ಯಾವ ಧೈರ್ಯದ ಮೇಲೆ ಕರೀಲೋ, ಅವರು ಏನಂದ್ರೂ ಹೂಂ ಭಾವ, ಆಯ್ತು ಭಾವ ಅಂತೀಯ.

ಹೂಂ ಭಾವ, ಆಯ್ತು ಭಾವ — ಇಷ್ಟು ವರ್ಷ ಗಂಟಲಲ್ಲಿ ಬಚ್ಚಿಟ್ಟ ತಾತ್ಸಾರವೆಲ್ಲ ಅವಳ ಯಾವ ಕೆಲಸಕ್ಕೆ ಬಂತು, ಗೇಟಿನಲ್ಲಿ ಬಗ್ಗಿರುವ ಆ ಬೆನ್ನಿಗೂ ಇಲ್ಲಿ ಅಂಗಾತ ಬಿದ್ದಿರುವ ಈ ಬೆನ್ನಿಗೂ ಏನು ಮಹಾ ವ್ಯತ್ಯಾಸ, ಥೂ — ಬೂಟುಗಳು ಬಂದವು, ಎಷ್ಟೊತ್ತಪ್ಪಾ, ಏನಂತೆ ಇದಕ್ಕೆ? ಸೀಲು ಸವೆದಿದೆ, ಎಂದ, ಭಾವ ಎನ್ನಲಿಲ್ಲ, ಅಕ್ಕ ಸ್ವಲ್ಪ ಸಹಾಯ ಮಾಡ್ಲಿ, ನೀವು ಪಕ್ಕಕ್ಕೆ ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ ಬರ್ತಿದ್ದೀರ. ಬೂಟುಗಳು ತಬ್ಬಿಬ್ಬಾಗಿ ನಿಂತವು, ಆಮೇಲೆ ಸರಿದವು. ಬೇಸಿನ್ನಿನ ಎಣ್ಣೆಯಲ್ಲಿ ಅದ್ದಿದ ಹೊಸ ಸೀಲನ್ನು ಬೆರಳಿಗೆ ಸಿಕ್ಕಿಸಿಕೊಂಡು ಅಕ್ಕನ ಕೈ ಕಾರಿನಡಿಗೆ ಬಂತು, ಸ್ಪ್ರಿಂಗಿನ ಮುಖ ಮೇಲೆ, ಆಮೇಲೆ ಕೆಳಗೆ, ಮತ್ತೆ ಮೇಲೆ, ಯಾವ ಮುಖ ಕಣೋ ಒಳಗೆ, ಎಂದು ಪಿಸುಗುಟ್ಟಿತು, ಅವನ ಕಣ್ಣು ಆ ಬೆರಳ ಮೇಲೇ ನಿಂತಿತು, ಬೆರಳ ತುದಿಯಿಂದ ಉಗುರಿನ ಸಂದಿಗೆ ಇಳಿಯುತ್ತಿರುವ ಎಣ್ಣೆಯ ಕೆಂಪು, ಮದುವೆಯಾದಾಗಿನಿಂದ ಬಣ್ಣ ಹಚ್ಚದ ಉಗುರು, ಕೆಂಪು, ಸೀಲು ತಿರುಗುತ್ತಿದೆ, ಉಗುರು ಕೆಂಪು, ಕೆಂಪು ಉಗುರು —