ಭಿಕ್ಷೆಯ ಪೆಟ್ರೋಲು

ಬೇಗೂರಿನ ಸಿದ್ದಮಲ್ಲಪ್ಪನವರು ಮಾದಪ್ಪನ ಬೆಟ್ಟಕ್ಕೆ ಹೊರಟದ್ದು ಅಮಾವಾಸ್ಯೆಯ ಹಿಂದಿನ ದಿನ, ಬೆಳಗಿನ ಪೂಜೆ ಮುಗಿಸಿ. ಬುಲೆಟ್ಟಿನ ಹಿಂದಿನ ಸೀಟಿನಲ್ಲಿ ಬಾಮೈದ ಗುರುಪಾದಸ್ವಾಮಿ, ಅವನ ತೊಡೆಯ ಮೇಲೆ ಹುಚ್ಚೆಳ್ಳೆಣ್ಣೆಯ ಹಿತ್ತಾಳೆ ತಂಬಿಗೆ. ಆ ಹುಚ್ಚೆಳ್ಳನ್ನು ಹೊಲದ ಅಂಚಿಗೆ ಬಿತ್ತಿ, ಬಡಿದು, ಗಾಣಕ್ಕೆ ಹಾಕಿಸಿದ್ದವರು ಸಿದ್ದಮಲ್ಲಪ್ಪನವರ ಹೆಂಡತಿ ಕರಿಬಸಮ್ಮ. ಮಾದಪ್ಪನ ಎಣ್ಣೆಮಜ್ಜನಕ್ಕೆಂದು ಮೀಸಲಿಟ್ಟದ್ದು. ಮೂರು ತಿಂಗಳ ಹಿಂದೆ ಆಕೆ ಲಿಂಗೈಕ್ಯರಾದರು. ಕೊನೆಯ ದಿನ, "ಎಣ್ಣೆ ಹಂಗೇ ಉಳಕತಲ್ಲ" ಎಂದಿದ್ದರು. "ನಾನೇ ಕೈಯಾರೆ ಒಪ್ಪಿಸ್ತೀನಿ, ಯೋಚನೆ ಬುಡು" ಎಂದು ಇವರು ಮಾತು ಕೊಟ್ಟಿದ್ದರು.

ನಾಳೆ ಬೆಳಗಿನ ಮಜ್ಜನಕ್ಕೆ ಅದು ಮುಟ್ಟಬೇಕು. ಮೀಸಲು ನೆಲಕ್ಕೆ ತಾಗಬಾರದು. ಅದಕ್ಕಾಗಿಯೇ ಬಾಮೈದ ಜೊತೆಗೆ ಬಂದದ್ದು.

ಆ ವಾರ ಟ್ಯಾಂಕರ್ ಲಾರಿಗಳ ಮುಷ್ಕರ. ಗುಂಡ್ಲುಪೇಟೆಯಲ್ಲಿ ಬಂಕಿನ ಮುಂದೆ ಹಗ್ಗ ಕಟ್ಟಿದ್ದರು. ತೆರಕಣಾಂಬಿಯ ಹತ್ತಿರ ಚಿಕ್ಕಮಲ್ಲಮ್ಮ ಎಂಬಾಕೆ ತನ್ನ ಪೆಟ್ಟಿಗೆ ಅಂಗಡಿಯಲ್ಲಿ ಕ್ಯಾನಿನ ಪೆಟ್ರೋಲು ಮಾರುತ್ತಿದ್ದಳು. ಇವರ ಹಣೆಯ ವಿಭೂತಿ, ತಂಬಿಗೆ ಎರಡನ್ನೂ ನೋಡಿದಳು.

"ಬೆಟ್ಟಕ್ಕಾ ಬುದ್ಧಿ?"

"ಹೂ ಕಣವ್ವ."

ಕ್ಯಾನಿನಲ್ಲಿದ್ದ ಐದು ಲೀಟರನ್ನೂ ಟ್ಯಾಂಕಿಗೆ ಸುರಿದು, ಚಾಚಿದ ನೋಟನ್ನು ಹಿಂದಕ್ಕೆ ತಳ್ಳಿದಳು. "ಮಾದಪ್ಪನ ಹೆಸರಲ್ಲಿ ಭಿಕ್ಷೆ ಅಂತ ಮಡಿಕಳಿ. ಬ್ಯಾಡ ಅನ್ಬ್ಯಾಡಿ."

ಬೆಟ್ಟಕ್ಕೆ ಹೊರಟವರು ಭಿಕ್ಷೆಯನ್ನು ಬೇಡವೆನ್ನುವುದಿಲ್ಲ. ಸಿದ್ದಮಲ್ಲಪ್ಪನವರು ಕೈಮುಗಿದು ಹೊರಟರು.

ಎರಡು ಮೈಲಿ ಹೋಗುವುದರೊಳಗೆ ಗಾಡಿ ಗೊಣಗತೊಡಗಿತು. ಏರು ಬಂದಾಗಲೆಲ್ಲ ಎಂಜಿನ್ನಿನೊಳಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದಂತೆ ಟಕಟಕ ಸದ್ದು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಸದ್ದು ಹೆಚ್ಚುತ್ತಿತ್ತೇ ಹೊರತು ಓಟ ಹೆಚ್ಚುತ್ತಿರಲಿಲ್ಲ. ಚಾಮರಾಜನಗರ ಸೇರುವ ಹೊತ್ತಿಗೆ ಎಂಜಿನ್ನಿನ ಕಾವು ಮೊಣಕಾಲಿಗೆ ತಾಗುತ್ತಿತ್ತು.

ಮೆಕ್ಯಾನಿಕ್ ಬೀರಯ್ಯ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಎರಡು ಬೆರಳಲ್ಲಿ ತಿಕ್ಕಿ ನೋಡಿದ.

"ಸೀಮೆಎಣ್ಣೆ ಬೆರೆಸವ್ರೆ ಯಜಮಾನ್ರೇ. ಸುರುದ್ಬುಡನ. ಎಲ್ಲಾದ್ರೂ ಒಂದೆರಡು ಲೀಟರ್ ಒಳ್ಳೇದು ಹುಡುಕ್ಕೊಡ್ತೀನಿ."

"ಭಿಕ್ಷೆ ಕಣಯ್ಯ ಅದು. ಚೆಲ್ಲಂಗಿಲ್ಲ."

"ಮಾದಪ್ಪ ಪೆಟ್ರೋಲು ಕುಡ್ದಾನಾ?"

"ಕೊಟ್ಟೋಳು ಅವನ ಹೆಸರು ಹೇಳಿ ಕೊಟ್ಟವ್ಳೆ. ಬೆರೆಸ್ದೋರು ಯಾರೋ, ಅವಳಿಗೆ ಗೊತ್ತೋ ಇಲ್ವೋ."

ಬೀರಯ್ಯ ಸ್ಪ್ಯಾನರ್ ಎತ್ತಿಕೊಂಡ. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಕಿಡಿ ಬೀಳುವ ಹೊತ್ತು ಹೊಂದಿಸುವ ಪಾಯಿಂಟಿನ ತಗಡನ್ನು ಕೂದಲೆಳೆಯಷ್ಟು ತಿರುಗಿಸಿ ಬಿಗಿ ಮಾಡಿದ. "ಕಿಡಿ ಸ್ವಲ್ಪ ತಡವಾಗಿ ಬೀಳ್ತದೆ. ಇಂಥ ಪೆಟ್ರೋಲಿಗೆ ಅದೇ ಮದ್ದು. ಏರಲ್ಲಿ ಮೊದಲೇ ಗೇರ್ ಇಳ್ಸಿ, ದಬಾಯಿಸ್ಬೇಡಿ. ಕಾದ್ರೆ ಮರದಡಿ ನಿಲ್ಸಿ. ಇನ್ನು ಭಾರ..." ಎಂದು ಗುರುಪಾದಸ್ವಾಮಿಯನ್ನು ಅಡಿಯಿಂದ ಮುಡಿತನಕ ನೋಡಿದ.

"ನೋಡಿ ಭಾವ, ನನ್ನನ್ನ ಮೂಟೆ ಅಂತಾನೆ," ಎಂದ ಗುರುಪಾದಸ್ವಾಮಿ.

"ನಾನೇನೂ ಅನ್ನಿಲ್ಲ. ಗಾಡಿ ಅಂತದೆ."

ಗಾಡಿ ಅಂದೇ ಅಂದಿತು. ಸಂತೆಮರಹಳ್ಳಿ ಇನ್ನೂ ಒಂದು ಮೈಲಿ ಇರುವಾಗ ಸಣ್ಣ ಏರಿನಲ್ಲಿ ಮತ್ತೆ ಟಕಟಕ ಎಂದು ನಿಂತುಹೋಯಿತು. ಇಬ್ಬರೂ ಹುಣಸೆಮರದ ನೆರಳಿಗೆ ಸರಿದರು. ಗುರುಪಾದಸ್ವಾಮಿ ಬೇರಿನ ಮೇಲೆ ಕುಳಿತು ತಂಬಿಗೆಯನ್ನು ತೊಡೆಗೇರಿಸಿಕೊಂಡ.

"ಭಾವ, ಈ ಏರಿಗೇ ಹಿಂಗಾದ್ರೆ ಬೆಟ್ಟದ ತಿರುವೆಲ್ಲ ಹತ್ತಿಸ್ತದಾ ಇದು? ನಾನು ಬಸ್ಸಿಗೆ ಓಯ್ತೀನಿ."

"ಎಣ್ಣೆ ಹಿಡಿಯೋರು ಯಾರು?"

"ಎಣ್ಣೆನೂ ಬಸ್ಸಿಗೆ ಓಯ್ತದೆ."

ಸಿದ್ದಮಲ್ಲಪ್ಪನವರು ತಂಬಿಗೆಯನ್ನು ನೋಡಿದರು. ಕೈಯಾರೆ ಎಂದು ಮಾತು ಕೊಟ್ಟಿದ್ದರು. ತಾವೂ ಬಸ್ಸಿಗೇ ಹೋಗಬಹುದಿತ್ತು. ಆದರೆ ಆಗ ಭಿಕ್ಷೆಯನ್ನು ಅರ್ಧ ದಾರಿಯಲ್ಲಿ ಬಿಟ್ಟಂತಾಗುತ್ತಿತ್ತು. ಎಂಜಿನ್ ಆರುವಾಗ ಚಿಟಿಚಿಟಿ ಎನ್ನುವುದನ್ನು ಕೇಳುತ್ತಾ ಕುಳಿತರು. ಕರಿಬಸಮ್ಮ ಕೇಳಿದ್ದು ಎಣ್ಣೆ ಮುಟ್ಟಲಿ ಎಂದಷ್ಟೇ. ಕೈಯಾರೆ ಎಂಬ ಮಾತನ್ನು ಸೇರಿಸಿದವರು ತಾವೇ.

"ನಾನು ಬರೋದು ತಡ ಆದ್ರೆ ಕಾಯ್ಬೇಡ," ಎಂದರು. "ಅವಳ ಹೆಸರು ಹೇಳಿ ಒಪ್ಪಿಸ್ಬುಡು."

ಸಂತೆಮರಹಳ್ಳಿಯವರೆಗೆ ಗುರುಪಾದಸ್ವಾಮಿ ತಂಬಿಗೆ ಹಿಡಿದು ನಡೆದ. ಇವರು ಕಾವು ಆರಿದ ಗಾಡಿಯನ್ನು ಮತ್ತೆ ಚಾಲೂ ಮಾಡಿ ಅವನ ಪಕ್ಕದಲ್ಲೇ ನಿಧಾನಕ್ಕೆ ಬಿಟ್ಟರು. ಕೊಳ್ಳೇಗಾಲದ ಬಸ್ಸು ಬಂತು. ಕಂಡಕ್ಟರ್ ತಂಬಿಗೆ ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ. ಬಸ್ಸಿನ ಧೂಳು ಅಡಗಿದ ಮೇಲೆ ಸಿದ್ದಮಲ್ಲಪ್ಪನವರು ಹೊರಟರು.

ಭಾರ ಇಳಿದಿತ್ತು. ಅವಸರವೂ ಇಳಿದಿತ್ತು. ಹತ್ತು ಮೈಲಿಗೊಮ್ಮೆ ನಿಲ್ಲಿಸಿ, ಏರಿಗೆ ಮೊದಲೇ ಗೇರ್ ಇಳಿಸುತ್ತ ಹೋದರು. ಬೆಟ್ಟದ ಬುಡದ ತಾಳಬೆಟ್ಟ ಮುಟ್ಟುವಾಗ ಕತ್ತಲಾಯಿತು. ಬಿಸಿ ಎಂಜಿನ್ನನ್ನು ಬೆಟ್ಟ ಹತ್ತಿಸಬಾರದೆಂದು ಅಲ್ಲೇ ತಂಗಿ, ಬೆಳಗಿನ ತಂಪಿನಲ್ಲಿ ಒಂದನೇ, ಎರಡನೇ ಗೇರಿನಲ್ಲೇ ತಿರುವುಗಳನ್ನು ದಾಟಿದರು.

ಗುಡಿ ಸೇರುವಾಗ ಮಜ್ಜನ ಆಗಿಹೋಗಿತ್ತು. ಬಾಗಿಲಲ್ಲಿ ಬಾಮೈದ ಬರಿದಾದ ತಂಬಿಗೆ ಹಿಡಿದು ನಿಂತಿದ್ದ.

"ಕಾದೆ ಭಾವ. ಪೂಜೆ ಮಾಡೋ ತಮ್ಮಡಿಗಳು ಕಾಯ್ನಿಲ್ಲ. ಅಕ್ಕನ ಹೆಸರು ಎರಡು ಸಲ ಹೇಳ್ದೆ, ಗಲಾಟೇಲಿ ಕೇಳಿಸ್ತೋ ಇಲ್ವೋ ಅಂತ."

"ಒಳ್ಳೇದಾಯ್ತು."

ಒಳಗೆ ಲಿಂಗದ ಮೇಲಿಂದ ಎಣ್ಣೆ ಇನ್ನೂ ತೊಟ್ಟಿಕ್ಕುತ್ತಿತ್ತು, ನೂರಾರು ಮನೆಗಳದು ಒಂದಾಗಿ. ಸಿದ್ದಮಲ್ಲಪ್ಪನವರು ಸಾಲು ಮುಂದೆ ತಳ್ಳುವವರೆಗೂ ಅದನ್ನೇ ನೋಡುತ್ತ ನಿಂತಿದ್ದು, ಕೈಮುಗಿದು ಹೊರಬಂದರು.

"ಇಳಿಯುವಾಗ ನಾನು ಗಾಡಿ ಹತ್ಬೋದಾ?" ಎಂದು ಕೇಳಿದ ಗುರುಪಾದಸ್ವಾಮಿ.

"ಇಳಿಜಾರು ತಾನೆ," ಎಂದರು. "ಹತ್ತು."