ಸೋರೆಬಳ್ಳಿ ಹಬ್ಬಿದ ಮನೆ

ಕಲ್ಯಾಣದುರ್ಗದ ಮುತ್ತುರಾಜನ ಮನೆ ನೋಡಲು ಬಂದ ಮೊದಲನೆಯ ಹೆಣ್ಣಿನ ಕಡೆಯವರು ಮಜ್ಜಿಗೆ ಕುಡಿದು ಎದ್ದು ಹೋದರು. ಎರಡನೆಯವರು ಮಜ್ಜಿಗೆಗೂ ಕೂರಲಿಲ್ಲ. ಹುಡುಗಿಯ ತಾಯಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬೀದಿಗಿಳಿದು, ಒಳಗಿರುವವರಿಗೆ ಕೇಳಿಸುವಷ್ಟು ದನಿಯಲ್ಲಿ, "ಇದು ಮನೆಯಲ್ಲ ಕಣಮ್ಮ, ಇಡ್ಲಿ ಪಾತ್ರೆ. ನಮ್ಮ ಹುಡುಗೀನ ಬೇಯಿಸೋಕೆ ಕಳಿಸ್ಬೇಕಾ?" ಎಂದಳು.

ಹೆಣ್ಣಿನವರು ಗಂಡಿನ ಮನೆಗೆ ಬಂದು ಕೂತು ಊಟ ಮಾಡಿದರೆ ಸಂಬಂಧ ಒಪ್ಪಿದ ಹಾಗೆ. ಬಾಯಿಬಿಟ್ಟು ಹೂಂ ಅನ್ನುವುದು, ಊಹೂಂ ಅನ್ನುವುದು ಆಮೇಲಿನ ಮಾತು. ಎರಡು ಸಲವೂ ಮುತ್ತುರಾಜನ ಅಕ್ಕ ಮೀನಾ ತಾನು ಮಾಡಿದ ಅಡುಗೆಯನ್ನು ಓಣಿಯವರಿಗೆ ಹಂಚಿದಳು. ತಮ್ಮನಲ್ಲಿ ಏನೂ ಕೊರತೆ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದ, ಕುಡಿತವಿಲ್ಲ, ಜಗಳವಿಲ್ಲ. ಕೊರತೆ ಇದ್ದದ್ದು ಮನೆಯಲ್ಲಿ. ಅಪ್ಪ ನರಸಪ್ಪ ಕಟ್ಟಿಸಿ ತೀರಿಕೊಂಡ ಎರಡು ಕೋಣೆ, ಮೇಲೆ ಸಿಮೆಂಟ್ ಶೀಟು. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಫ್ಯಾನು ಹಾಕುವುದೂ ಒಂದೇ, ಒಲೆ ಊದುವುದೂ ಒಂದೇ.

ಮನೆಯ ಜೊತೆಗೆ ತಾನೂ ಒಂದು ಕೊರತೆಯೇನೋ ಎಂಬ ಅಳುಕು ಮೀನಾಳಿಗೆ ಇದ್ದೇ ಇತ್ತು. ಹಿಂದೂಪುರದಲ್ಲಿ ಲೋಡಿಂಗ್ ಆಟೋ ಓಡಿಸುವ ನಟರಾಜನಿಗೆ ಕೊಟ್ಟಿದ್ದರು. ಅವನು ಇನ್ನೊಬ್ಬಳನ್ನು ತಂದು ಅದೇ ಮನೆಯಲ್ಲಿ ಇರಿಸಿಕೊಂಡಾಗ ಒಂದು ಬ್ಯಾಗು ಹಿಡಿದು ತವರಿಗೆ ಬಂದವಳು. ಅಂದು ಮುತ್ತುರಾಜ್ ಒಂದು ಮಾತೂ ಕೇಳಲಿಲ್ಲ. ಕಿಟಕಿ ಪಕ್ಕದ ತನ್ನ ಮಂಚವನ್ನು ಅಕ್ಕನಿಗೆ ಬಿಟ್ಟು ನೆಲಕ್ಕೆ ಚಾಪೆ ಹಾಸಿಕೊಂಡ. ಆ ಉಪಕಾರವನ್ನು ಯಾವ ಕೆಲಸದಿಂದ ತೀರಿಸಲಿ ಎಂದು ಅವಳು ಅಂದಿನಿಂದಲೂ ಹುಡುಕುತ್ತಿದ್ದಳು.

"ಕಂತಿನಾಗೆ ಒಂದು ಎಸಿ ತಗಂಡ್ಬುಡಾನ ಅಕ್ಕ," ಎಂದ ಮುತ್ತುರಾಜ್, ಎರಡನೆಯವರು ಹೋದ ಸಂಜೆ.

"ಶೀಟಿಗೂ ಗೋಡೆಗೂ ನಡುವೆ ಗೇಣುದ್ದ ಸಂದು ಐತೆ. ತಣ್ಣನೆ ಗಾಳಿ ಎಲ್ಲಾ ಪಕ್ಕದ ಮನೆಯೋರಿಗೆ, ಕರೆಂಟ್ ಬಿಲ್ಲು ಮಾತ್ರ ನಮಗೆ. ಬ್ಯಾಡ ಕಣೋ. ನಾನು ತಣ್ಣಗೆ ಮಾಡ್ತೀನಿ."

"ಹೆಂಗೆ?"

"ಗೊತ್ತಿಲ್ಲ. ಮಾಡ್ತೀನಿ."

ಹೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಹಾಗೆಲ್ಲ ಮಾತು ಕೊಡುವ ಹೆಣ್ಣೇ ಅಲ್ಲ ಅವಳು. ಆದರೆ ಮುಂದಿನ ಬೇಸಿಗೆಯವರೆಗೆ ಕೈಯಲ್ಲಿ ಸಮಯವಿತ್ತು; ಚಳಿಗಾಲ ಮುಗಿಯುತ್ತಿದ್ದಂತೆ ಕೆಲಸಕ್ಕಿಳಿದಳು. ಶೀಟು ತುಳಿದರೆ ಒಡೆಯುತ್ತದೆಂದು ಹಲಗೆ ಹಾಸಿಕೊಂಡು, ಹೊಟ್ಟೆಯ ಮೇಲೆ ತೆವಳುತ್ತ, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿದಳು. "ಏನಮ್ಮ, ಮನೇಗೆ ಪಂಚೆ ಉಡಿಸ್ತಿದೀಯಾ?" ಎಂದು ಓಣಿಯವರು ನಕ್ಕರು. ಬಿಸಿಲು ಹೆಚ್ಚು ಬಡಿಯುವ ಪಡುವಣ ಗೋಡೆಯ ಬುಡದಲ್ಲಿ ಸೋರೆಬೀಜ ಹಾಕಿ, ಬಳ್ಳಿಗೆ ಹಗ್ಗ ಕಟ್ಟಿದಳು. ಶೀಟಿನ ಕೆಳಗೆ ಬಿದಿರು ತಟ್ಟಿ ಕಟ್ಟಿಸಿ, ಗೋಡೆಯ ಮೇಲ್ಭಾಗದಲ್ಲಿ ಎರಡು ಇಟ್ಟಿಗೆ ತೆಗೆದು ಬಿಸಿಗಾಳಿ ಹೋಗಲು ದಾರಿ ಮಾಡಿದಳು. ಒಲೆಯನ್ನು ಹಿತ್ತಲಿನ ಚಪ್ಪರಕ್ಕೆ ಸಾಗಿಸಿ, ಬೆಳಕು ಹರಿಯುವ ಮೊದಲೇ ಅಡುಗೆ ಮುಗಿಸುವುದನ್ನು ರೂಢಿ ಮಾಡಿಕೊಂಡಳು.

ಅರ್ಧ ಪ್ರಯೋಗಗಳು ಕೆಟ್ಟವು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ ಎಲ್ಲ ಬಾಗಿಲು ಹಾಕಿದ ದಿನ ಒಳಗೆ ಉಸಿರು ಕಟ್ಟುವ ಸೆಕೆ. ಗೋಣಿ ಕಟ್ಟಿದರೆ ಎದುರು ಕಿಟಕಿ ತೆರೆದಿರಬೇಕು ಎಂದು ಅಂದು ಗೊತ್ತಾಯಿತು. ಮುತ್ತುರಾಜ್ ಮಧ್ಯಾಹ್ನ ಊಟಕ್ಕೆ ಬಂದಾಗ ಅವನ ಹಣೆಯನ್ನೇ ನೋಡುತ್ತ ನಿಲ್ಲುವಳು. ಒಂದು ದಿನ ಅವನು ಬೆವರು ಒರೆಸಿಕೊಳ್ಳದೆ ಊಟ ಮುಗಿಸಿದ. ಎರಡನೇ ಫ್ಯಾನನ್ನು ಬಿಚ್ಚಿ ಅಂಗಡಿಗೆ ಒಯ್ದ. "ಸುಮ್ನೆ ತಿರುಗ್ತಾ ಕರೆಂಟ್ ತಿನ್ನೋದು ಯಾಕೆ?" ಎಂದ. ಮೀನಾಳಿಗೆ ಆ ದಿನವೆಲ್ಲ ಏನೋ ಹಬ್ಬ.

ಮೇ ತಿಂಗಳಲ್ಲಿ ದಲ್ಲಾಳಿ ಕೊಟ್ಟೂರಪ್ಪ ಮೂರನೆಯ ಸಂಬಂಧ ತಂದ. ಹಿಂದೂಪುರದ ಹತ್ತಿರ ಪರಿಗಿಯ ಹುಡುಗಿ, ಹೆಸರು ಹರಿತಾ. ಮುತ್ತುರಾಜ್ ಹೋಗಿ ನೋಡಿ ಬಂದವನು ಎರಡು ದಿನ ತಾನಾಗಿಯೇ ನಗುತ್ತಿದ್ದ. ಅಂಗಡಿಯಲ್ಲಿ ತಂತಿ ಸುತ್ತುವಾಗಲೂ ನಗುತ್ತಿದ್ದನಂತೆ.

"ಒಂದು ಮಾತು," ಎಂದ ಕೊಟ್ಟೂರಪ್ಪ, ಮೀನಾಳ ಮುಖ ನೋಡದೆ. "ಅಕ್ಕ ಹಿಂದೂಪುರದಾಗೆ ಗಂಡನ ಜೊತೆ ಅವ್ಳೆ ಅಂತ ಹೇಳಿಬುಟ್ಟಿವ್ನಿ. ಬೇಸಿಗೆಗೆ ತವರಿಗೆ ಬಂದವ್ಳೆ, ಅಷ್ಟೇ. ಸರೇನಾ?"

ಮುತ್ತುರಾಜ್ ಅಕ್ಕನ ಕಡೆ ನೋಡಿದ.

"ಸರಿ ಬಿಡಣ್ಣ. ಅಲ್ಲಿದ್ದೋಳೇ ತಾನೇ ನಾನು," ಎಂದಳು ಮೀನಾ.

ಅವರು ಬಂದಿದ್ದು ಸುಡುಬಿಸಿಲಿನಲ್ಲೇ. ಹುಡುಗಿಯ ಅಪ್ಪ ಓಬುಳಪತಿ, ಅವನ ತಾಯಿ ನಾರಮ್ಮ, ಜೊತೆಗೆ ನಾಲ್ಕು ಜನ ನೆಂಟರು. ಹೊಸ್ತಿಲು ದಾಟಿದ ಓಬುಳಪತಿ ಒಂದು ಕ್ಷಣ ನಿಂತು ಮೇಲೆ ನೋಡಿದ. "ಅರೆ, ಕೂಲರ್ ಎಲ್ಲೈತೆ?"

"ಕೂಲರ್ ಇಲ್ಲ ಮಾವ," ಎಂದ ಮುತ್ತುರಾಜ್. ಇನ್ನೂ ಒಪ್ಪಿಗೆಯಾಗದ ಸಂಬಂಧಕ್ಕೆ ಮಾವ ಅಂದುಬಿಟ್ಟಿದ್ದಕ್ಕೆ ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾಯಿತು.

"ಹಿಂದೂಪುರದಾಗೆ ಯಾವ ಕಡೆಯಮ್ಮ ನೀವು?" ಎಂದು ಓಬುಳಪತಿ ಮೀನಾಳನ್ನು ಕೇಳಿದ.

"ರೈಲ್ವೇ ಸ್ಟೇಷನ್ ಆಚೆ ಅಣ್ಣ. ಮನೆಯವರು ಲೋಡಿಂಗ್ ಆಟೋ ಓಡಿಸ್ತಾರೆ."

ಪ್ರತಿ ಮಾತೂ ಒಂದು ಕಾಲಕ್ಕೆ ನಿಜವಾಗಿದ್ದರಿಂದ ನಾಲಿಗೆ ತೊದಲಲಿಲ್ಲ. ಎಲೆ ಹಾಕಿದರು. ಎಲ್ಲರೂ ಕೂತರು. ಮುದ್ದೆ, ಅನ್ನ, ಕಾಳಿನ ಸಾರು, ಪಾಯಸ. ಓಬುಳಪತಿ ಎರಡನೇ ಸಲ ಅನ್ನ ಹಾಕಿಸಿಕೊಂಡಾಗ ಮೀನಾ ಅಡುಗೆ ಚಪ್ಪರಕ್ಕೆ ಹೋಗಿ ಕಣ್ಣು ಒರೆಸಿಕೊಂಡು ಬಂದಳು. ಊಟವಾದ ಮೇಲೆ ನಾರಮ್ಮ ಗೋಡೆಗೆ ಒರಗಿದವಳು ಹಾಗೇ ಜಾರಿ, ಬಾಯಿ ತೆರೆದು ಗೊರಕೆ ಹೊಡೆಯತೊಡಗಿದಳು.

"ಅವ್ವ ಸಂಬಂಧ ನೋಡೋಕೆ ಬಂದಳೋ, ಮಲಗೋಕೆ ಬಂದಳೋ?" ಎಂದು ನೆಂಟರಲ್ಲಿ ಒಬ್ಬ ತೆಲುಗಿನಲ್ಲಿ ಗೇಲಿ ಮಾಡಿದ.

"ಮಲಗಲಿ ಬಿಡು. ಪರಿಗಿಯಾಗೂ ಇಂಥ ನಿದ್ದೆ ಬಂದಿಲ್ಲ ಅವಳಿಗೆ," ಎಂದ ಓಬುಳಪತಿ.

ಮುತ್ತುರಾಜ್ ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದ. ಚಿಕ್ಕಂದಿನಲ್ಲಿ ಗೋಲಿ ಗೆದ್ದಾಗ ಹಾಗೆ ಮಾಡುತ್ತಿದ್ದ.

ಎಚ್ಚರವಾದ ನಾರಮ್ಮ ಮುಖ ತೊಳೆಯಲು ಹಿತ್ತಲಿಗೆ ಬಂದಳು. ಮೀನಾ ಚೊಂಬಿನಿಂದ ನೀರು ಹನಿಸಿದಳು. ಮುದುಕಿ ಮುಖ ಒರೆಸುತ್ತ ಪಡುವಣ ಗೋಡೆ ನೋಡಿದಳು. ಗೋಡೆಯೇ ಕಾಣುತ್ತಿರಲಿಲ್ಲ. ಅಂಗೈಗಿಂತ ಅಗಲದ ಎಲೆಗಳು ಶೀಟಿನವರೆಗೂ ಹತ್ತಿದ್ದವು.

"ಏನು ಬಳ್ಳಿ ಬೆಳೆಸಿದೀಯೇ ಅಮ್ಮಣ್ಣಿ."

ಯಾರೂ ಹೊಗಳದೆ ವರ್ಷಗಳಾಗಿದ್ದವು. ಮೀನಾಳ ಬಾಯಿ ತಾನೇ ತೆರೆಯಿತು. "ಶಿವರಾತ್ರಿ ಕಳೀತಿದ್ದಂಗೇ ಬೀಜ ಹಾಕ್ದೆ ಅವ್ವ. ಬೆಳಿಗ್ಗೆ ಪಾತ್ರೆ ತೊಳೆದ ನೀರು, ಸಾಯಂಕಾಲ ಸ್ನಾನದ ನೀರು, ಒಂದು ದಿನ ತಪ್ಪಿಸಿಲ್ಲ. ಈ ಗೋಡೆ ಮಧ್ಯಾಹ್ನ ಕುಡಿದ ಬಿಸಿಲು ರಾತ್ರಿ ಎಲ್ಲಾ ಕಕ್ಕುತ್ತೆ, ಅದಕ್ಕೇ ಬಳ್ಳಿ. ಚಳಿಗಾಲಕ್ಕೆ ಕಿತ್ತುಬಿಡ್ತೀನಿ, ಆಗ ಬಿಸಿ ಬೇಕಲ್ಲ. ಈ ಕಿಟಕಿ ಬಿಸಿಲೇರೋ ಮುಂಚೆ ಹಾಕ್ಬೇಕು, ಆ ಮನೆ ನೆರಳು ಇಲ್ಲಿಗೆ ಬಂದಾಗ ತೆಗೀಬೇಕು..."

ನಾರಮ್ಮ ಸೆರಗನ್ನು ಮುಖದಿಂದ ಇಳಿಸಿದಳು.

"ಬೇಸಿಗೆಗೆ ಬಂದೋಳು ಶಿವರಾತ್ರಿಗೇ ಬಂದಿದ್ಯಾ?"

ಮೀನಾಳ ಕೈಯಲ್ಲಿದ್ದ ಚೊಂಬು ಓರೆಯಾಗಿ ನೀರು ಕಾಲ ಮೇಲೆ ಸುರಿಯಿತು.

"ಹೆದ್ರಬೇಡ. ನಮ್ಮೋನಿಗೆ ಹೇಳಲ್ಲ," ಎಂದಳು ನಾರಮ್ಮ, ದನಿ ತಗ್ಗಿಸಿ. "ಗಂಡ ಬಿಟ್ಟಿದ್ದು ನಿನ್ನ ತಪ್ಪಲ್ಲ. ನಮ್ಮ ಮನೆತನದಾಗೂ ಅಂಥವು ನಡೆದವೆ."

ಮೀನಾಳಿಗೆ ಉಸಿರು ಬಂತು. ಮುದುಕಿಯ ಕಾಲಿಗೆ ಬೀಳಬೇಕೆನ್ನಿಸಿತು. ಆದರೆ ನಾರಮ್ಮ ಇನ್ನೂ ಮುಗಿಸಿರಲಿಲ್ಲ.

"ನನ್ನ ಚಿಂತೆ ಬೇರೆ. ಯಾವ ಕಿಟಕಿ ಯಾವಾಗ ತೆಗೀಬೇಕು ನಿನಗೆ ಗೊತ್ತು. ನಿನ್ನ ತಮ್ಮನಿಗೆ ಬಾಯಾರಿದ್ದು ಅವನಿಗಿಂತ ಮುಂಚೆ ನಿನಗೆ ಗೊತ್ತು. ಊಟದಾಗೆ ನೋಡ್ದೆ. ನನ್ನ ಮೊಮ್ಮಗಳು ಬಂದು ಏನು ಮಾಡ್ಬೇಕು ಹೇಳು. ನೀನು ಬಾಯಿ ಜೋರಿನೋಳಾಗಿದ್ರೆ ಅವಳೂ ಜೋರು ಮಾಡ್ತಿದ್ಲು, ನಡೀತಿತ್ತು. ನೀನು ಅಂಥೋಳಲ್ಲ. ಅವಳು ಕಿಟಕಿ ಹಾಕೋದು ಮರೀತಾಳೆ, ನೀನು ಬೈಯೋದಿಲ್ಲ, ಸುಮ್ನೆ ಎದ್ದು ಹಾಕಿ ಬತ್ತೀಯ. ದಿನಾ. ಅದನ್ನ ಯಾವ ಹೆಣ್ಣು ತಡೀತಾಳೆ ತಾಯಿ?"

ಒಳಗೆ ಮುತ್ತುರಾಜ್ ಏನೋ ಹೇಳಿದ, ಗಂಡಸರೆಲ್ಲ ನಕ್ಕರು.

"ಹಿಂದೂಪುರದಾಗೆ ಅವ್ಳೆ ಅಂತ ನಿಮ್ಮೋರೇ ಹೇಳವ್ರೆ. ಆ ಮಾತು ನಿಜ ಮಾಡು. ಅಷ್ಟೇ ನಾನು ಕೇಳೋದು. ಆಗಲ್ಲ ಅಂದ್ರೆ ಈಗಲೇ ಹೇಳು, ಏನೋ ಒಂದು ನೆಪ ಹೇಳಿ ಎಬ್ಬಿಸ್ಕೊಂಡು ಹೋಯ್ತೀನಿ."

ಮುದುಕಿಯ ಮಾತಿನಲ್ಲಿ ಕೆಟ್ಟತನ ಹುಡುಕಿದಳು ಮೀನಾ. ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಗಲಿಲ್ಲ.

"ಅಲ್ಲೇ ಇರ್ತೀನಿ ಅವ್ವ," ಎಂದಳು.

ತಾಂಬೂಲ ಬದಲಾಯಿಸಿ ಅವರು ಹೊರಟ ಮೇಲೆ, ಸಂಜೆ ಅಂಗಳಕ್ಕೆ ನೀರು ಚಿಮುಕಿಸುತ್ತ ಮೀನಾ ತಮ್ಮನಿಗೆ ಎಲ್ಲ ಹೇಳಿದಳು. ಹೇಳಬಾರದೆಂದುಕೊಂಡಿದ್ದಳು. ಹೇಳಿದರೆ ಅವನು ಬೇಡ ಅನ್ನುತ್ತಾನೆ, ಆಗ ಕೈಗೆ ಬಂದ ಸಂಬಂಧ ತನ್ನಿಂದ ತಪ್ಪಿದಂತಾಗುತ್ತದೆ. ಹಾಗಂತ ಮುಚ್ಚಿಟ್ಟು ಹೋದರೆ ಅದು ಇನ್ನೂ ದೊಡ್ಡ ತಪ್ಪು. "ಗಾರ್ಮೆಂಟ್ಸಿನಾಗೆ ಕೆಲಸ ಕೊಡ್ತಾರಂತೆ ಅಲ್ಲಿ. ನನಗೂ ಒಂದು ದಾರಿ ಆಯ್ತದೆ," ಎಂದು ಸೇರಿಸಿ, ಅವನು ಬೇಡ ಅನ್ನುವುದನ್ನೇ ಕಾದು ನಿಂತಳು. ಅವನು ಹಾಗಂದ ಮೇಲೆ ಹೇಗೆ ಸಮಾಧಾನ ಮಾಡಬೇಕೆಂದೂ ಯೋಚಿಸಿಟ್ಟುಕೊಂಡಿದ್ದಳು.

ಮುತ್ತುರಾಜ್ ತುಂಬ ಹೊತ್ತು ಚಪ್ಪಲಿಯ ತುದಿಯಿಂದ ನೆಲ ಕೆದಕಿದ.

"ಮದುವೆ ಆದ್ಮೇಲೆ ಹೋಗು ಅಕ್ಕ. ಮದುವೆ ಮುಂಚೆ ಹೋದ್ರೆ ನಾಕು ಜನ ಏನಂತಾರೆ?"

"ಹೂಂ. ಆದ್ಮೇಲೇ ಹೋಯ್ತೀನಿ," ಎಂದಳು ಮೀನಾ. ಯೋಚಿಸಿಟ್ಟುಕೊಂಡಿದ್ದ ಸಮಾಧಾನದ ಮಾತುಗಳು ಯಾರಿಗೂ ಬೇಕಾಗಲಿಲ್ಲ.

ಮದುವೆ ಮುಗಿದು ಮೀನಾ ಹೊರಡುವ ಹಿಂದಿನ ದಿನ, ಹರಿತಾ ತವರಿಗೆ ಹೋಗಿದ್ದಾಗ, ಮುತ್ತುರಾಜ್ ಅಂಗಡಿ ಬೇಗ ಮುಚ್ಚಿ ಬಂದ. "ಎಲ್ಲಾ ಒಂದ್ಸಲ ಹೇಳಿಬುಡು ಅಕ್ಕ. ಫೋನಿನಾಗೆ ವಿಡಿಯೋ ಮಾಡ್ಕೋತೀನಿ. ಅವಳಿಗೆ ತೋರ್ಸೋಕೆ," ಎಂದು ಮೊಬೈಲನ್ನು ಮುಖದ ನೇರಕ್ಕೆ ಹಿಡಿದ. ಅವನ ಮುಖ ಅವಳಿಗೆ ಕಾಣದಂತಾಯಿತು.

ಮೀನಾ ಮೊಬೈಲಿನ ಕಡೆ ನೋಡಿ ಹೇಳತೊಡಗಿದಳು. ಸುಣ್ಣ ಎಷ್ಟು ದಿನ ನೆನೆಯಬೇಕು. ಹಲಗೆ ಎಲ್ಲಿ ಹಾಸಬೇಕು. ಒದ್ದೆ ಗೋಣಿ ಯಾವ ಕಿಟಕಿಗೆ, ಆಗ ತೆರೆದಿಡಬೇಕಾದ್ದು ಯಾವುದು. ಕೋಣೆಯಿಂದ ಕೋಣೆಗೆ ಅವಳು ನಡೆದಳು, ಮೊಬೈಲು ಹಿಂದೆ ಬಂತು. ಮನೆಯ ಸಂಗತಿಯೆಲ್ಲ ಮುಗಿದರೂ ಅವಳಿಗೆ ನಿಲ್ಲಿಸಲಾಗಲಿಲ್ಲ. "ಬಿಸಿಲಿಂದ ಬಂದ ತಕ್ಷಣ ನೀರು ಕೊಡಬಾರದು, ಇವನಿಗೆ ಕೆಮ್ಮು ಬತ್ತದೆ. ಒಂದು ಗಳಿಗೆ ಬಿಟ್ಟು ಕೊಡಬೇಕು. ಬದನೇಕಾಯಿ ತಿಂದ್ರೆ ಮೈ ಕೆರೆಯುತ್ತೆ, ಆದ್ರೂ ಬೇಕು ಅಂತಾನೆ. ನಿದ್ದೆಯಾಗೆ ಹೊದಿಕೆ ಒದೀತಾನೆ..."

"ಸಾಕು ಅಕ್ಕ," ಎಂದ ಮುತ್ತುರಾಜ್. ಮೊಬೈಲು ಮಾತ್ರ ಅಲ್ಲೇ ಇತ್ತು, ಅವನ ಮುಖಕ್ಕೆ ಅಡ್ಡವಾಗಿ. ಅಳುತ್ತಿದ್ದಾನೋ, ಬೇಜಾರಾಯಿತೋ, ಅವಳಿಗೆ ತಿಳಿಯಲಿಲ್ಲ.

ಹಿಂದೂಪುರದಲ್ಲಿ ಗಾರ್ಮೆಂಟ್ಸಿನ ಕೆಲಸ ಸಿಕ್ಕಿತು. ಮೇಲಂತಸ್ತಿನ ಶೀಟಿನ ಕೋಣೆಯೊಂದರಲ್ಲಿ ರೊದ್ದಂ ಕಡೆಯ ಶಿವಲೀಲಾ ಜೊತೆಗಾತಿ. ಮುಂದಿನ ಬೇಸಿಗೆಗೆ ಭಾನುವಾರದ ಮಧ್ಯಾಹ್ನಗಳಲ್ಲಿ ಆ ಕೋಣೆಯಲ್ಲಿ ಇರುವುದೇ ಕಷ್ಟವಾಯಿತು. ಪಡುವಣ ಕಿಟಕಿಯಿಂದ ಬಿಸಿಲು ನೇರ ಮಂಚದ ಮೇಲೆ ಬೀಳುತ್ತಿತ್ತು.

"ಫ್ಯಾನು ಹಗಲು ರಾತ್ರಿ ತಿರುಗಿ ತಿರುಗಿ ಬಿಲ್ಲು ಹೆಂಗೆ ಬಂದೈತೆ ನೋಡಿದ್ಯಾ?" ಎಂದಳು ಶಿವಲೀಲಾ, ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತ. "ಮೀನಕ್ಕ, ನಿಮ್ಮೂರು ಇನ್ನೂ ಬೆಂಕಿ ಅಂತಾರೆ. ಶೀಟಿನ ಮನೇಲಿ ಹೆಂಗಿದ್ರಿ ಅಲ್ಲಿ?"

"ಹೆಂಗೋ ಇದ್ವಿ," ಎಂದಳು ಮೀನಾ.

ಓನರ್ ಮನೆಯ ಮೆಟ್ಟಿಲ ಕೆಳಗೆ ಖಾಲಿ ಗೋಣಿಚೀಲಗಳು ಬಿದ್ದಿದ್ದವು. ಬಂದ ಮೊದಲ ದಿನವೇ ಅವಳ ಕಣ್ಣಿಗೆ ಬಿದ್ದಿದ್ದವು. ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಎದುರು ಕಿಟಕಿ ತೆರೆದು, ಈ ಪಡುವಣ ಕಿಟಕಿಗೆ ಒಂದು ಚೀಲ ಒದ್ದೆ ಮಾಡಿ ಕಟ್ಟಿದರೆ ಶಿವಲೀಲಾ ಬೈಗುಳ ನಿಲ್ಲಿಸಿ ನಿದ್ದೆ ಹೋಗುತ್ತಿದ್ದಳು. ಆಮೇಲೆ ನಾಳೆಯೂ ಕಟ್ಟಬೇಕು. ನಾಳಿದ್ದೂ. ಈ ಕೋಣೆಗೆ ಯಾವ ಹೊತ್ತಿಗೆ ಏನು ಬೇಕೆಂದು ಒಂದೊಂದಾಗಿ ಕೈಗೆ ತಿಳಿಯುತ್ತ ಹೋಗುತ್ತದೆ, ಆ ಮನೆಯದು ತಿಳಿದ ಹಾಗೆ.

ಮೀನಾ ಮಂಚದ ಬಿಸಿಲಿಲ್ಲದ ಅಂಚಿಗೆ ಸರಿದು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗೋಡೆ ಸುಡುತ್ತಿತ್ತು.