ತಾಯಣ್ಣನ ಮಷೀನು

ಗುಂಡಿ ಒತ್ತಿದ ಕೂಡಲೇ ಮಷೀನು ನಾಗವೇಣಿಯನ್ನು ಬಲಕ್ಕೆ ಎಳೆದುಕೊಂಡು ಹೋಗಿ ಸೋಫಾದ ಕಾಲಿಗೆ ಗುದ್ದಿತು. ಅಬ್ದುಲ್ ವಹೀದ್ ಗೋಡೆಯ ಸ್ವಿಚ್ಚು ಆರಿಸಿದ. ಹಿಟ್ಟು ನಾದುವ ಪರಾತದಷ್ಟು ಅಗಲದ ದುಂಡು ಬ್ರಷ್ಷು ಇನ್ನೆರಡು ಸುತ್ತು ತಿರುಗಿ, ಕಾರ್ಪೆಟ್ಟಿನ ಮೇಲೆ ನೊರೆಯ ಬಳೆಯೊಂದನ್ನು ಬಿಟ್ಟು ನಿಂತಿತು. ನಾಗವೇಣಿ ಹಿಡಿಕೆ ಬಿಟ್ಟಿರಲಿಲ್ಲ.

"ಜೋರು ಮಾಡಬ್ಯಾಡ ತಂಗಿ," ಎಂದ ವಹೀದ್. "ಜೋರಿಗೆ ಅದು ಬಗ್ಗಂಗಿಲ್ಲ. ಹಿಡಿಕಿ ಒಂದೀಟು ಎತ್ತಿದ್ರ ಬಲಕ್ಕ ಹೋಗ್ತದ, ಒಂದೀಟು ಇಳಿಸಿದ್ರ ಎಡಕ್ಕ. ಅಷ್ಟ."

"ಮತ್ತ ಹಚ್ರಿ," ಎಂದಳು ಅವಳು.

ಅದು ರಾಯಚೂರಿನ ಒಬ್ಬ ಡಾಕ್ಟರ ಮನೆ. ಡಾಕ್ಟರು ಆಸ್ಪತ್ರೆಗೆ ಹೋಗಿದ್ದರು, ಅವರ ಹೆಂಡತಿ ಮಹಡಿಯ ಮೇಲಿದ್ದರು. ಹಜಾರದ ತುಂಬ ಹಾಸಿದ್ದ ಕಂದು ಕಾರ್ಪೆಟ್ಟಿನ ಧೂಳನ್ನು ವಹೀದ್ ಬೆಳಿಗ್ಗೆಯೇ ಎಳೆದು ತೆಗೆದು, ಶಾಂಪೂ ನೀರು ಸಿಂಪಡಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟಿದ್ದ. ಕೊಳೆ ಮೇಲೆ ಕಾಣುವುದಿಲ್ಲ, ಎಳೆಗಳ ಬುಡದಲ್ಲಿ ಕೂತಿರುತ್ತದೆ ಎಂದು ಅವಳಿಗೆ ಬಾಗಿ ತೋರಿಸಿದ್ದ. ಶಾಂಪೂ ಅದನ್ನು ಸಡಿಲಿಸುತ್ತದೆ, ಬ್ರಷ್ಷು ಎಬ್ಬಿಸುತ್ತದೆ, ಆಮೇಲೆ ನೀರು ಹೀರುವ ಮಷೀನಿನಿಂದ ಎಳೆದುಕೊಳ್ಳಬೇಕು. ಒಂದೇ ಕಡೆ ನಿಲ್ಲಿಸಿದರೆ ಎಳೆ ತಿರುಚಿ ಕಾರ್ಪೆಟ್ಟು ಕೆಡುತ್ತದೆ. ಎಲ್ಲವನ್ನೂ ಅವಳು ತಲೆಯಾಡಿಸುತ್ತ ಕೇಳಿಕೊಂಡಿದ್ದಳು.

ಎರಡನೇ ಸಲ ಮಷೀನು ಅಷ್ಟು ದೂರ ಎಳೆಯಲಿಲ್ಲ. ಐದನೇ ಸಲಕ್ಕೆ ಬಾಗಿಲಿನಿಂದ ಕಿಟಕಿಯ ತನಕ ಹೋಗಿ ತಿರುಗಿ ಬಂತು. ನಾಗವೇಣಿ ಸೆರಗನ್ನು ಸೊಂಟಕ್ಕೆ ಬಿಗಿದು, ಮಾತಿಲ್ಲದೆ ನಡೆಸುತ್ತಿದ್ದಳು. ವಹೀದ್ ಮಾತ್ರ ಗೋಡೆಗೆ ಅಂಟಿಕೊಂಡು ನಿಂತಿದ್ದ. ಸ್ವಿಚ್ಚಿನ ಮೇಲಿಟ್ಟ ಬೆರಳನ್ನು ಅವನು ಒಮ್ಮೆಯೂ ತೆಗೆಯಲಿಲ್ಲ.

ನಾಗವೇಣಿ ತಾಯಣ್ಣನ ಹೆಂಡತಿ. ತಾಯಣ್ಣ ಹನ್ನೊಂದು ವರ್ಷ ವಹೀದನ ಜೊತೆ ಇದೇ ಮಷೀನು ನಡೆಸಿದವನು. ಅವನು ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ವಹೀದನ ತಂದೆ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಫೋಮಿನ ಗಾದಿಗಳು ಬಂದು ಆ ಕೆಲಸ ಇಳಿದಾಗ ವಹೀದ್ ಹೈದರಾಬಾದಿನಿಂದ ಈ ಹಳೆಯ ಮಷೀನು ತಂದ. ಮಸರಕಲ್ಲು ಹಳ್ಳಿಯ ತಾಯಣ್ಣ ಆಗ ರಾಯಚೂರಿನ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಬೇಲು ಹೊರುತ್ತಿದ್ದ. ಇಬ್ಬರೂ ಸೇರಿದ ಮೇಲೆ ಮದುವೆ ಹಾಲು, ಲಾಡ್ಜು, ಬ್ಯಾಂಕು ಎಲ್ಲ ಕಡೆಯೂ ಕೆಲಸ ಸಿಕ್ಕಿತು. ತಾಯಣ್ಣನ ಕೈ ಒಳ್ಳೆಯದು. ಕುರ್ಚಿಯ ಕಾಲುಗಳ ನಡುವೆ ಮಷೀನನ್ನು ತೂರಿಸಿ ತೆಗೆಯುತ್ತಿದ್ದ. ಎತ್ತಿನ ಜೊತೆ ಮಾತಾಡಿದಂತೆ ಅದರ ಜೊತೆ ಮಾತಾಡುತ್ತಿದ್ದ. ಹಬ್ಬ ಬಂದರೆ ವಹೀದನ ಮನೆಯಲ್ಲಿ ಊಟ ಮುಗಿಸಿಯೇ ಊರಿನ ಬಸ್ಸು ಹತ್ತುತ್ತಿದ್ದ.

ಮಾನ್ವಿಯ ಒಂದು ಮದುವೆ ಹಾಲಿನಲ್ಲಿ ಅವನು ಸತ್ತ. ವೇದಿಕೆಯ ಕೆಂಪು ಕಾರ್ಪೆಟ್ಟು ಒದ್ದೆಯಾಗಿತ್ತು, ತಾಯಣ್ಣ ಎಂದಿನಂತೆ ಬರಿಗಾಲಲ್ಲಿದ್ದ. ವಹೀದ್ ನೀರು ತರಲು ಹಿಂದಿನ ತೊಟ್ಟಿಗೆ ಹೋಗಿದ್ದ. ಮಷೀನಿನ ಸದ್ದು ಅತ್ತಿತ್ತ ಓಡಾಡದೆ ಒಂದೇ ಕಡೆ ನಿಂತಿದ್ದು ಕೇಳಿ, ತಾಯಣ್ಣ ಹೀಗೆ ಮಾಡುವವನಲ್ಲವಲ್ಲ ಎಂದುಕೊಂಡು ಬಂದ. ತಾಯಣ್ಣ ಮೊಣಕಾಲೂರಿ ಕುಳಿತಿದ್ದ, ಎರಡೂ ಕೈ ಹಿಡಿಕೆಗೆ ಕಚ್ಚಿಕೊಂಡಿದ್ದವು. ವಹೀದ್ ವೈರು ಕಿತ್ತೆಸೆದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಾಲಿನ ವೈರಿಂಗು ಕೆಟ್ಟಿತ್ತು ಎಂದು ಊರವರು ಮಾತಾಡಿದರು. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ವಹೀದನನ್ನು ಯಾರೂ ಏನೂ ಕೇಳಲಿಲ್ಲ. ಮಣ್ಣಿಗೆ ಹೋದಾಗ ಮಸರಕಲ್ಲಿನ ಹಿರಿಯರು ಅವನನ್ನೇ ಸಮಾಧಾನ ಮಾಡಿ ಕಳಿಸಿದರು.

ವಾರದ ನಂತರ ಮಷೀನನ್ನು ರಿಪೇರಿಯ ಗುಲಾಮ್ ದಸ್ತಗೀರನ ಅಂಗಡಿಗೆ ಒಯ್ದ. ದಸ್ತಗೀರ್ ಬಿಚ್ಚಿ ನೋಡಿದ. ವೈರು ಹಿಡಿಕೆಯೊಳಗೆ ಹೋಗುವಲ್ಲಿ ಸವೆದು ಕಬ್ಬಿಣದ ಕೊಳವೆಗೆ ತಾಗಿತ್ತು. ಆಮೇಲೆ ಪ್ಲಗ್ಗನ್ನು ಅಂಗೈಯಲ್ಲಿಟ್ಟುಕೊಂಡ. ಮೂರು ಪಿನ್ನುಗಳಲ್ಲಿ ಮೇಲಿನ ದಪ್ಪ ಪಿನ್ನು ಇರಲಿಲ್ಲ. ಒಳಗೆಲ್ಲಾದರೂ ವೈರು ಸವೆದರೆ ಕರೆಂಟು ಮನುಷ್ಯನನ್ನು ಬಿಟ್ಟು ನೆಲಕ್ಕೆ ಇಳಿಯುವ ದಾರಿ ಅದು. ಐದು ವರ್ಷದ ಹಿಂದೆ, ಎರಡೇ ತೂತಿನ ಹಳೆಯ ಸಾಕೆಟ್ಟಿದ್ದ ಹಾಲೊಂದರಲ್ಲಿ, ಕೆಲಸ ನಿಲ್ಲಬಾರದೆಂದು ವಹೀದನೇ ಗರಗಸದ ಬ್ಲೇಡಿನಿಂದ ಅದನ್ನು ಕೊಯ್ದು ತೆಗೆದಿದ್ದ. ದಸ್ತಗೀರ್ ವಹೀದನ ಮುಖವನ್ನೊಮ್ಮೆ ನೋಡಿ, ಹೊಸ ವೈರು, ಹೊಸ ಪ್ಲಗ್ಗು ಹಾಕಿಕೊಟ್ಟ.

ಮೂರು ತಿಂಗಳು ಕಳೆದ ಮೇಲೆ ನಾಗವೇಣಿ ಬಸ್ಸು ಹತ್ತಿ ವಹೀದನ ಮನೆಗೆ ಬಂದಳು. ಮಗಳು ಮೌನೇಶ್ವರಿ ರಾಯಚೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಓದು ಅರ್ಧಕ್ಕೆ ನಿಲ್ಲಬಾರದು, ಹತ್ತಿ ಬಿಡಿಸುವ ಕೂಲಿ ವರ್ಷವಿಡೀ ಇರುವುದಿಲ್ಲ, ಅವರು ಮಾಡುತ್ತಿದ್ದ ಕೆಲಸ ನನಗೆ ಕಲಿಸಿರಿ ಎಂದು ಕೇಳಿದಳು. ವಹೀದ್ ಮೂಲೆಯಲ್ಲಿದ್ದ ಮಷೀನಿನ ಕಡೆ ನೋಡಿದ. ಒಳಗಿನಿಂದ ಅವನ ಹೆಂಡತಿ ಹಸೀನಾ ಬೇಗಂ ಬಂದು, ಖಂಡಿತ ಕಲಿಸುತ್ತಾರೆ ಎಂದು ನಾಗವೇಣಿಯ ಕೈ ಹಿಡಿದುಕೊಂಡಳು.

ಮಧ್ಯಾಹ್ನ ಇಬ್ಬರೂ ಡಾಕ್ಟರ ಮನೆಯ ಹಿಂದಿನ ಕಟ್ಟೆಯ ಮೇಲೆ ಊಟಕ್ಕೆ ಕುಳಿತರು. ನಾಗವೇಣಿ ಬುತ್ತಿ ಬಿಚ್ಚಿ, ಎರಡು ಜೋಳದ ರೊಟ್ಟಿಯ ಮೇಲೆ ಪುಂಡಿ ಪಲ್ಯ ಹಾಕಿ ವಹೀದನ ಮುಂದಿಟ್ಟಳು. ನಾಳೆ ಇನ್ನೂ ಚೆನ್ನಾಗಿ ಮಾಡುತ್ತೇನೆ ಎಂದಳು. ಸ್ವಲ್ಪ ಹೊತ್ತು ತಿಂದ ಮೇಲೆ ಕೇಳಿದಳು:

"ವಹೀದಣ್ಣ, ಅವರಿಗೆ ಭಾಳ ನೋವಾತೇನು?"

"ಗೊತ್ತಿಲ್ಲ ತಂಗಿ. ನಾ ನೀರಿಗೆ ಹೋಗಿದ್ದೆ."

ಅವಳು ತಲೆಯಾಡಿಸಿದಳು. ಆ ಮದುವೆ ಹಾಲಿನವರಿಗೆ ಒಳ್ಳೆಯದಾಗುವುದಿಲ್ಲ ಎಂದಳು. ದಿನಾ ದೀಪ ಹಚ್ಚುವ ಹೊತ್ತಿಗೆ ಅವರ ಹೆಸರು ಹಿಡಿದು ಶಪಿಸುತ್ತಾಳಂತೆ. ಅವರ ಮನೆಯ ಹೆಂಗಸರೂ ಹೀಗೇ ಹಣೆ ಬರಿದು ಮಾಡಿಕೊಂಡು ಕೂಡಲಿ, ಅವರ ಮಕ್ಕಳೂ ಅಪ್ಪಾ ಎಂದು ಕರೆದು ಸುಮ್ಮನಾಗಲಿ ಎಂದು. ಇದನ್ನೆಲ್ಲ ಅವಳು ದನಿ ಏರಿಸದೆ, ಮನೆಯ ಕೆಲಸವೊಂದನ್ನು ಹೇಳುವಂತೆ ಹೇಳಿದಳು.

ಆ ಹಾಲಿನ ಮಾಲೀಕನಿಗೂ ಸಣ್ಣ ಮಕ್ಕಳಿದ್ದರು. ವಹೀದ್ ಅವರನ್ನು ಕಂಡಿದ್ದ.

"ಆ ಶಾಪ ಅವರಿಗೆ ಹಾಕಬ್ಯಾಡ," ಎಂದ. "ಅದು ನನಗ ಬರಬೇಕಾದ್ದು."

ಎಲ್ಲ ಹೇಳಿದ. ಬ್ಲೇಡು, ಎರಡು ತೂತಿನ ಸಾಕೆಟ್ಟು, ಸವೆದ ವೈರು, ದಸ್ತಗೀರನ ಅಂಗಡಿ, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವನ ಮಾತು ತಾನಾಗಿಯೇ ನಿಧಾನವಾಯಿತು. ನಾಗವೇಣಿ ರೊಟ್ಟಿಯ ಚೂರನ್ನು ಬೆರಳಲ್ಲಿ ಹಿಡಿದೇ ಕೂತಿದ್ದಳು.

"ಪಿನ್ನು ಇಲ್ಲಂತ ಅವರಿಗೆ ಗೊತ್ತಿತ್ತೇನು?"

ಇಲ್ಲ ಎನ್ನಬಹುದಿತ್ತು. ಆ ಒಂದು ಮಾತಿಗೆ ಸಾಕ್ಷಿ ಯಾರೂ ಇರಲಿಲ್ಲ.

"ಗೊತ್ತಿತ್ತು," ಎಂದ ವಹೀದ್. "ಹೊಸಾದು ಹಾಕಸೂಣು ಅಂತ ಎರಡು ಸಲ ಅಂದಿದ್ದ. ಸೀಜನ್ ಮುಗೀಲಿ ತಾಯಣ್ಣ ಅಂದೆ ನಾನು."

ನಾಗವೇಣಿ ಚೂರನ್ನು ಕೆಳಗಿಟ್ಟಳು. ಮುಟ್ಟದೆ ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿದಳು. ಗಂಟು ಸರಿಯಾಗಿ ಬೀಳದೆ ಮತ್ತೊಮ್ಮೆ ಬಿಚ್ಚಿ ಕಟ್ಟಿದಳು. ಎದ್ದು ಗೇಟಿನ ತನಕ ಬರಿಗಾಲಲ್ಲೇ ಹೋಗಿ, ನೆನಪಾಗಿ ಹಿಂದಿರುಗಿ ಬಂದು ಚಪ್ಪಲಿ ಮೆಟ್ಟಿಕೊಂಡಳು. ಅವನ ಕಡೆ ನೋಡಲಿಲ್ಲ.

ಒಳಗೆ ಕಾರ್ಪೆಟ್ಟಿನ ಮೇಲೆ ನೊರೆ ಒಣಗತೊಡಗಿತ್ತು. ಹಾಗೇ ಬಿಟ್ಟರೆ ಕಲೆ ಉಳಿಯುತ್ತದೆ. ವಹೀದ್ ಎದ್ದು ಹೋಗಿ ಒಬ್ಬನೇ ಕೊಳಕು ನೀರನ್ನೆಲ್ಲ ಎಳೆದು ತೆಗೆದ. ಡಾಕ್ಟರ ಹೆಂಡತಿ ಇಳಿದು ಬಂದು, ಆ ಹೆಣ್ಣುಮಗಳು ಎಲ್ಲಿ, ಒಳ್ಳೆ ಕೆಲಸ ಮಾಡುತ್ತಿದ್ದಳಲ್ಲ ಎಂದು ಕೇಳಿದರು. ಊರಿಗೆ ಹೋದಳು ಎಂದ.

ಮನೆಗೆ ಬಂದು ಹಸೀನಾಗೂ ಹೇಳಿದ. ಅವಳಿಗೂ ಅದು ಅಂದೇ ಗೊತ್ತಾದದ್ದು. ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಈಗ ಯಾಕೆ ಹೇಳಿದಿರಿ ಎಂದು ಕೇಳಿದಳು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಳು.

ಒಂಬತ್ತನೆಯ ದಿನ ನಾಗವೇಣಿ ಮಗಳನ್ನು ಕರೆದುಕೊಂಡು ಬಂದಳು. ಬೀದಿಯಲ್ಲಿ ಒಂದು ಗೂಡ್ಸ್ ಆಟೊ ನಿಂತಿತ್ತು. ಹಸೀನಾ ಚಾಪೆ ಹಾಸಿದಳು, ಅವರು ಕೂಡಲಿಲ್ಲ. ನೀರು ತಂದಳು, ಮುಟ್ಟಲಿಲ್ಲ. ಮೌನೇಶ್ವರಿ ಅತ್ತು ಕಣ್ಣು ಊದಿಸಿಕೊಂಡಿದ್ದಳು. ಅವಳು ಅಪ್ಪನ ಹಾಗೇ ಇದ್ದಳು, ಅದೇ ಅಗಲ ಹಣೆ, ಅದೇ ದಪ್ಪ ಹುಬ್ಬು. ವಹೀದನಿಗೆ ಆ ಮುಖ ನೋಡಲಾಗಲಿಲ್ಲ. ಮಾನ್ವಿಯ ಪೊಲೀಸ್ ಠಾಣೆಗೆ ಹೋಗಿ ಎಲ್ಲ ಬರೆಸುತ್ತೇನೆ, ನೀವು ಹೇಳಿದ ದಿನ ಹೋಗುತ್ತೇನೆ ಎಂದ.

"ಅದು ನಿಮಗ ಬಿಟ್ಟಿದ್ದು," ಎಂದಳು ನಾಗವೇಣಿ. "ನಾ ಹೋಗ್ರಿ ಅನ್ನಂಗಿಲ್ಲ, ಬ್ಯಾಡ್ರಿ ಅಂತನೂ ಅನ್ನಂಗಿಲ್ಲ. ನನಗ ಮಷೀನು ಬೇಕು."

"ಮಷೀನು?"

"ಹನ್ನೊಂದು ವರ್ಷ ಅವರು ಹಿಡಿದಿದ್ದು. ನಾನ ನಡಸ್ತೀನಿ. ನಿಮ್ಮ ಜೋಡಿ ಆಗಂಗಿಲ್ಲ."

ವಹೀದ್ ಒಳಗೆ ಹೋದ. ಮಷೀನನ್ನು ಹೊರಗೆ ಉರುಳಿಸಿಕೊಂಡು ಬಂದ. ನೀರು ಹೀರುವ ಮಷೀನು, ಬ್ರಷ್ಷುಗಳ ಪೆಟ್ಟಿಗೆ, ಶಾಂಪೂ ಡಬ್ಬಿಗಳು, ಎಳೆ ಬಾಚುವ ಹಣಿಗೆ, ಎಲ್ಲವನ್ನೂ ತಂದಿಟ್ಟ. ಆಟೊಗೆ ಏರಿಸಲು ಕೈ ಹಾಕಿದಾಗ ಮೌನೇಶ್ವರಿ ನಡುವೆ ಬಂದು ನಿಂತಳು. ತಾಯಿ ಮಗಳು ಇಬ್ಬರೇ ಎತ್ತಿದರು. ಭಾರಕ್ಕೆ ಹುಡುಗಿಯ ಚಪ್ಪಲಿ ಜಾರಿತು, ಆದರೂ ಬಿಡಲಿಲ್ಲ. ನಾಗವೇಣಿ ವೈರನ್ನು ಮೊದಲಿನಿಂದ ಕೊನೆಯ ತನಕ ಬೆರಳಿನಿಂದ ಸವರಿ ನೋಡಿದಳು. ಪ್ಲಗ್ಗಿನ ಮೂರೂ ಪಿನ್ನುಗಳನ್ನು ಹೆಬ್ಬೆರಳಿಂದ ಒತ್ತಿ ನೋಡಿ, ವೈರನ್ನು ಸುತ್ತಿ ಹಿಡಿಕೆಗೆ ಕಟ್ಟಿದಳು. ಆಟೊ ತಿರುವು ದಾಟುವ ತನಕ ಹಸೀನಾ ನೀರಿನ ಚೊಂಬು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು.

ಮರುದಿನ ವಹೀದ್ ಮಾನ್ವಿಗೆ ಹೋಗಿ ಹೇಳಿಕೆ ಬರೆಸಿ ಬಂದ. ಕರೆದಾಗ ಬರಬೇಕು ಎಂದರು. ಆಮೇಲೆ ಅವನು ತಂದೆಯ ಕಾಲದ ಗುರುತಿನವರೊಬ್ಬರ ಅಂಗಡಿ ಸೇರಿ ಗಾದಿ ಹೊಲಿಯತೊಡಗಿದ. ದಬ್ಬಳ ಹಿಡಿಯುವುದನ್ನು ಬೆರಳು ಮರೆತಿರಲಿಲ್ಲ. ಗಿರಾಕಿಗಳು ಕಾರ್ಪೆಟ್ಟಿನ ಕೆಲಸಕ್ಕೆ ಫೋನು ಮಾಡಿದರೆ ನಾಗವೇಣಿಯ ನಂಬರು ಕೊಡುತ್ತಿದ್ದ. ನಾಗವೇಣಿ ತನ್ನ ಮೈದುನನ ಹೆಂಡತಿಯನ್ನು ಜೊತೆಗೆ ಹಾಕಿಕೊಂಡಿದ್ದಾಳೆ, ಸಿರವಾರದ ತನಕವೂ ಹೋಗುತ್ತಾಳೆ ಎಂದು ಯಾರೋ ಹೇಳಿದರು. ಇನ್ಯಾರೋ, ಆ ಮದುವೆ ಹಾಲಿನ ಕೆಲಸಕ್ಕೆ ಕರೆದರೆ ಮಾತ್ರ ಹೋಗಲಿಲ್ಲವಂತೆ ಎಂದರು.

ಮಳೆಗಾಲದ ಒಂದು ಮಧ್ಯಾಹ್ನ ಹತ್ತಿಯ ರಾಶಿಯ ನಡುವೆ ಕೂತಿದ್ದಾಗ ಅವನ ಫೋನು ರಿಂಗಾಯಿತು. ಪರದೆಯ ಮೇಲೆ ತಾಯಣ್ಣ ಎಂದು ಬಂತು. ಗಂಡನ ನಂಬರನ್ನೇ ಅವಳು ಇಟ್ಟುಕೊಂಡಿದ್ದಳು. ವಹೀದ್ ಎತ್ತಿದ.

"ದೇವದುರ್ಗದಾಗ ಒಂದು ಮನ್ಯಾಗ ಅದೀನಿ," ಎಂದಳು ನಾಗವೇಣಿ. ಅಣ್ಣ ಎನ್ನಲಿಲ್ಲ. "ಉಣ್ಣಿ ಕಾರ್ಪೆಟ್ಟು. ಕೆಂಪು ಬಣ್ಣ ಬಿಡಾಕತ್ತದ. ಏನು ಮಾಡಬೇಕು?"

"ನೀರು ಹಾಕೂದು ನಿಲ್ಲಸು," ಎಂದ ಅವನು. "ಒಣ ಬಟ್ಟಿ ಒತ್ತಿ ಇದ್ದ ನೀರು ತಗಿ. ಆಮ್ಯಾಲೆ ಸ್ವಲ್ಪ ನೀರಿನ್ಯಾಗ ಒಂದೀಟು ವಿನೆಗರ್ ಹಾಕಿ ಸಿಂಪಡಸು, ಬಣ್ಣ ಹಿಡಕೊಂತದ. ಮೊದಲ ಒಂದು ಮೂಲ್ಯಾಗ ಮಾಡಿ ನೋಡು. ಬಿಳಿ ಬ್ರಷ್ಷು ಹಾಕು, ಮೆತ್ತಂದು. ಒಂದ ಸಲ ಹಗೂರಕ್ಕ ಆಡಸು, ಸಾಕು."

"ಹ್ಞೂಂ."

ಮೌನೇಶ್ವರಿಯ ಪರೀಕ್ಷೆ ಆಯಿತೇ ಎಂದು ಕೇಳಬೇಕೆಂದು ಅವನು ಬಾಯಿ ತೆರೆದ. ಆದರೆ ಫೋನನ್ನು ಗಟ್ಟಿ ಜಾಗದ ಮೇಲಿಟ್ಟ ಸದ್ದು ಆಗಲೇ ಬಂದಿತ್ತು. ಅವಳು ಫೋನು ಕಟ್ ಮಾಡಿರಲಿಲ್ಲ. ಮರೆತಳೋ, ಮತ್ತೇನಾದರೂ ಕೇಳುವುದಿದ್ದರೆ ಎಂದು ಇಟ್ಟಳೋ, ತಿಳಿಯಲಿಲ್ಲ. ಬಟ್ಟೆ ಹಿಂಡುವ ಸದ್ದು, ಇನ್ನೊಬ್ಬ ಹೆಂಗಸು ಏನನ್ನೋ ಕೇಳಿದ್ದು, ಬಾಟಲಿಯ ಮುಚ್ಚಳ ತಿರುಗಿಸಿದ್ದು. ತುಂಬ ಹೊತ್ತಿನ ಮೇಲೆ ಮಷೀನು ಗುಂಯ್ ಎಂದಿತು.

ವಹೀದ್ ದಬ್ಬಳವನ್ನು ಗಾದಿಗೆ ಚುಚ್ಚಿಟ್ಟು, ಫೋನನ್ನು ಕಿವಿಗೆ ಒತ್ತಿಕೊಂಡ. ಸದ್ದು ದೂರ ಹೋಯಿತು, ಹತ್ತಿರ ಬಂತು, ಮತ್ತೆ ದೂರ ಹೋಯಿತು. ಎಲ್ಲಿಯೂ ನಿಲ್ಲಲಿಲ್ಲ. ಅಂಗಡಿಯ ಮುಂದೆ ಗಿರಾಕಿಯೊಬ್ಬ ಬಂದು ನಿಂತ. ವಹೀದ್ ಕೈ ಎತ್ತಿ ತಡೆಯಲು ಹೇಳಿದ.

ಮಷೀನು ನಿಂತಿತು. ನಾಗವೇಣಿ ಒಣಗಲು ಫ್ಯಾನು ಹಚ್ಚಿರೆಂದು ಯಾರಿಗೋ ಹೇಳುವುದು ದೂರದಿಂದ ಕೇಳಿಸಿತು. ಸ್ವಲ್ಪ ಹೊತ್ತಿಗೆ, ಒದ್ದೆ ಕಾರ್ಪೆಟ್ಟಿನ ಮೇಲೆ ಫ್ಯಾನು ತಿರುಗುವ ಸದ್ದು ಬರತೊಡಗಿತು.